ರಾತ್ರಿ ಎದ್ದೇಳೋರು ಯಾರು ಅಂತ ಮೊದಲ ಕೇಳ್ರಿ: ಮರವು, ನಡುಗು ಜಡ್ಡಿನ ಮನಿಗೋಳಿಗೆ ಹೋಗಿ ಕೆಲಸ ಮಾಡೋರಿಗೆ

ನಾನು ಈ ಕೆಲಸಕ್ಕ ಬಂದು ಹನ್ನೊಂದು ವರ್ಷ ಆತು. ಹುಬ್ಬಳ್ಳಿ-ಧಾರವಾಡದಾಗ ಚಾಲೂ ಮಾಡಿದ್ದು, ಆಮ್ಯಾಲ ಗದಗ, ಮುಂಡರಗಿ, ಶಿರಹಟ್ಟಿ, ಈ ಕಡೆ ಬ್ಯಾಡಗಿ, ಹಾನಗಲ್ಲ ತನಕ ಓಡಾಟ ಬೆಳೀತು. ಮರವಿನ ಜಡ್ಡು (ಡಿಮೆನ್ಷಿಯಾ), ಕೈ ನಡುಗೋ ಪಾರ್ಕಿನ್ಸನ್, ಕೈಕಾಲು ಸೋಲೋ ಮೋಟರ್ ನ್ಯೂರಾನ್, ಮೈ ತಂತಾನ ಕುಣಿಯೋ ಹಂಟಿಂಗ್ಟನ್, ಹಿಂಗ ಮಿದುಳು ನರ ವರ್ಷದಿಂದ ವರ್ಷಕ್ಕ ಸವಕೋಂತ ಹೋಗೋ ಜಡ್ಡು ಬಂದ ಮನಿಗೋಳಿಗೆ ಹೋಗೂದು, ಕುಂಡ್ರೂದು, ಕೇಳೂದು, ಅವರ ಸಲುವಾಗಿ ಆಸ್ಪತ್ರಿ ಕಚೇರಿ ಅಡ್ಡಾಡೂದು, ಇಷ್ಟ ನನ್ನ ಕೆಲಸ. ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಡಿಗ್ರಿ) ಮುಗಿಸಿದ ಹುಡುಗ ಹುಡುಗೀರು, ಆಶಾ ಅಕ್ಕಾರು, ಒಂದಿಬ್ಬರು ನರ್ಸ್‌ಗಳು ಸುದ್ದಾ "ನಾವೂ ಇದನ್ನ ಮಾಡಬೇಕಂತೀವಿ, ಎಲ್ಲಿಂದ ಚಾಲೂ ಮಾಡೂಣು" ಅಂತ ಕೇಳ್ತಾರ. ಫೋನಿನ್ಯಾಗ ತುಂಡ ತುಂಡ ಹೇಳಿ ಸಾಕಾಗಿ, ಒಮ್ಮೆ ಪೂರಾ ಬರದ ಬಿಡೂಣು ಅಂತ ಕುಂತೀನಿ.

ಮೊದಲ ಒಂದ್ ಮಾತು. ನಾವು ಡಾಕ್ಟರಲ್ಲ, ನರ್ಸೂ ಅಲ್ಲ. ದೊಡ್ಡ ಡಾಕ್ಟರು ಮೂರು ತಿಂಗಳಿಗೋ ಆರು ತಿಂಗಳಿಗೋ ಒಮ್ಮೆ ಹತ್ತು ನಿಮಿಷ ನೋಡ್ತಾರ, ಉಳಿದ ದಿನ ಪೂರಾ ಮನಿಯವರದ. ಆ ಉಳಿದ ದಿನದಾಗ ಅವರ ಜೋಡಿ ಇರೋರು ನಾವು. ಗುಳಗಿ ಡೋಸ್ ಬದಲ ಮಾಡೂದು, "ಇದು ಆಲ್ಝೈಮರ್ ಇದ್ದಂಗ ಐತ್ರಿ" ಅಂತ ನಾವ ಹೆಸರಿಡೂದು, ಇವೆರಡೂ ಯಾವತ್ತೂ ಮಾಡಬ್ಯಾಡ್ರಿ.

ಕಲಿಯೂದು ಎಷ್ಟು, ಎಲ್ಲಿ

ಕರ್ನಾಟಕ ಯೂನಿವರ್ಸಿಟಿಯೊಳಗ ಎಂಎಸ್‌ಡಬ್ಲ್ಯೂ ಮಾಡಿದ್ರ ಚಲೋ, ಇನ್ನೂ ಮುಂದ ಹೋಗೋ ಮನಸ್ಸಿದ್ರ ಬೆಂಗಳೂರು ನಿಮ್ಹಾನ್ಸ್‌ದಾಗ ಸೈಕಿಯಾಟ್ರಿಕ್ ಸೋಶಿಯಲ್ ವರ್ಕ್ ಕಲಿಸ್ತಾರ. ಆದ್ರ ಡಿಗ್ರಿ ಇಲ್ಲಂದ್ರ ಆಗೂದಿಲ್ಲ ಅಂತೇನಿಲ್ಲ, ನಾನು ಕಂಡ ಚಲೋ ಕೆಲಸಗಾರ್ತಿ ಒಬ್ಬಾಕಿ ಪಿಯುಸಿ ತನಕ ಓದಿದಾಕಿ, ತಮ್ಮ ಅತ್ತಿನ್ನ ಒಂಬತ್ತು ವರ್ಷ ನೋಡ್ಕೊಂಡ ಅನುಭವದ ಮ್ಯಾಲೆ ಬಂದಾಕಿ.

ಇಷ್ಟರ ತಿಳ್ಕೊಂಡಿರ್ರಿ. ಆಲ್ಝೈಮರ್ ಅಂದ್ರ ಡಿಮೆನ್ಷಿಯಾದಾಗಿನ ಒಂದ್ ನಮೂನಿ, ಅದರಾಗ ಸಾಮಾನ್ಯಾಗಿ ಹೊಸಾ ಸಂಗತಿ ಮೊದಲ ಮರೀತಾರ, ಐವತ್ತು ವರ್ಷದ ಹಿಂದಿಂದು ಪಕ್ಕಾ ನೆನಪಿರ್ತೈತಿ. ಪಾರ್ಕಿನ್ಸನ್ ಅಂದ್ರ ಬರೇ ಕೈ ನಡುಗೂದಲ್ಲ, ಮೈ ಬಿಗಿಯೂದು, ನಡಗಿ ಸಣ್ಣಾಗೂದು, ಮಾರಿ ಮ್ಯಾಲಿನ ಕಳೆ ಹೋಗೂದು, ಮತ್ತ ವಾಸನಿ ತಿಳೀಲಾರದ್ದು, ಮಲಬದ್ಧತೆ, ನಿದ್ದಿಯೊಳಗ ಒದರೂದು ಒದೆಯೂದು ಇವೆಲ್ಲಾ ನಡುಗೂಕಿನ ಎಷ್ಟೋ ವರ್ಷ ಮೊದಲ ಬಂದಿರಬಹುದು. ಲ್ಯೂಯಿ ಬಾಡಿ ಅಂತ ಇನ್ನೊಂದ್ ನಮೂನಿ ಡಿಮೆನ್ಷಿಯಾ ಐತಿ, ಮುಂಜಾನಿ ಶಾಣ್ಯಾ ಇದ್ದವರು ಮಧ್ಯಾಹ್ನ ಗೊಂದಲ ಆಗ್ತಾರ, ಇಲ್ಲದ ಮಂದಿ, ಹುಡುಗೂರು ಕಾಣಿಸ್ತಾರ. ಫ್ರಂಟೋ-ಟೆಂಪೊರಲ್ ಡಿಮೆನ್ಷಿಯಾ ಅಂದ್ರ ಬಹುತೇಕ 45-65 ವಯಸ್ಸಿನ್ಯಾಗ ಗುಣಾನ ಬದಲಾಗೂದು, ಮೊದಮೊದಲ ನೆನಪು ಚಲೋ ಇರ್ತೈತಿ, ಅದಕ್ಕ ಮನಿಯವರು "ನಡತಿ ಕೆಡಿಸ್ಕೊಂಡಾನ" ಅಂತ ತಿಳ್ಕೊಂಡು ವರ್ಷಾನುಗಟ್ಲೆ ಜಗಳಾಡಿರ್ತಾರ. ಮೋಟರ್ ನ್ಯೂರಾನ್‌ದಾಗ ಕೈಕಾಲು, ಮಾತು, ನುಂಗೂದು, ಉಸಿರು ಒಂದೊಂದ ಹೋಗ್ತಾವ, ಬುದ್ಧಿ ಬಹಳಷ್ಟು ಮಂದಿಗೆ ನೆಟ್ಟಗ ಇರ್ತೈತಿ, ಅವರ ಮುಂದ ಅವರು ಇಲ್ಲದಂಗ ಮಾತಾಡಬ್ಯಾಡ್ರಿ. ಇವು ಯಾವುಕ್ಕೂ ಸದ್ಯಕ್ಕ ಪೂರಾ ವಾಸಿ ಮಾಡೋ ಔಷಧ ಇಲ್ಲ, ಆದ್ರ "ಏನೂ ಮಾಡಾಕ ಬರೂದಿಲ್ಲ" ಅನ್ನೂದು ಸುಳ್ಳು.

ಪಾರ್ಕಿನ್ಸನ್ ಬಗ್ಗೆ ಜೇಮ್ಸ್ ಪಾರ್ಕಿನ್ಸನ್ ಬರದದ್ದು 1817ರಾಗ, ಆಲ್ಝೈಮರ್ ತನ್ನ ರೋಗಿ ಬಗ್ಗೆ ಹೇಳಿದ್ದು 1906ರಾಗ. ಅಷ್ಟ್ ಹಳೇ ಜಡ್ಡಿಗೆ ನಮ್ಮ ಕಡೆ ಇನ್ನೂ "ಅರವತ್ತಕ್ಕ ಅರಳು ಮರಳು" ಅಂತ ಅಂದು ಬಿಟ್ಟಬಿಡ್ತೀವಿ. 2023ರಾಗ ಬಂದ ದೇಶದ ಅಧ್ಯಯನದ ಅಂದಾಜಿನ್ಯಾಗ 60 ದಾಟಿದವರೊಳಗ ನೂರಕ್ಕ 7.4 ಮಂದಿಗೆ ಡಿಮೆನ್ಷಿಯಾ ಐತಿ, ಒಟ್ಟ 88 ಲಕ್ಷ ಮಂದಿ. ಆ ಲೆಕ್ಕ ಹಿಡದ್ರ 300 ಮಂದಿ ಹಿರೇರು ಇರೋ ಊರಾಗ ಇಪ್ಪತ್ತರ ಮ್ಯಾಲೆ. ನಿಮ್ಮೂರಾಗ ಎಷ್ಟು ಮಂದಿ ಗೊತ್ತದಾರ್ರಿ? ಉಳದವರು ಒಳಗಿನ ಕೋಣ್ಯಾಗ ಅದಾರ.

ಮೊದಲನೇ ಭೇಟಿ

ಫಾರಂ ತಗೀಬ್ಯಾಡ್ರಿ. ಮೊದಲ ದಿನ ಬರೇ ಕುಂಡ್ರಾಕ ಹೋಗ್ರಿ, ಚಾ ಕೊಟ್ರ ಕುಡೀರಿ. ಜಡ್ಡಿನವರಿಗೆ ಮೊದಲ ಕೈ ಮುಗದು, ಅವರ ಊರು, ಅವರ ಹೊಲ, ಮಾಡ್ತಿದ್ದ ಕೆಲಸ ಕೇಳ್ರಿ, "ಅಜ್ಜಾರ, ಇವತ್ತ ಯಾವ ವಾರ ಹೇಳ್ರಿ ನೋಡೂಣು" ಅಂತ ಪರೀಕ್ಷೆ ಮಾಡಾಕ ಹೋಗಬ್ಯಾಡ್ರಿ, ಅದು ಅವರ ಮನ್ಯಾಗ ಅವರಿಗೆ ಮಾಡೋ ಅವಮಾನ. ಹೋಗೋ ಹೊತ್ತೂ ಮುಖ್ಯ. ಮುಂಜಾನಿ ಹತ್ತಕ್ಕ ಹೋದ್ರ ಪಡಸಾಲ್ಯಾಗ ಗಂಡಸರು ಸಿಗ್ತಾರ, ಮಧ್ಯಾಹ್ನ ಮೂರಕ್ಕ ಹೋದ್ರ ಭಾಂಡೆ ತೊಳದು ಕೈ ಒರಸ್ಕೊಂತ ಬರೋ ಸೊಸಿ ಸಿಗ್ತಾಳ.

ನಾನು ಪ್ರತಿ ಮನ್ಯಾಗ ಕೇಳೋ ಮೊದಲ ಪ್ರಶ್ನೆ ಒಂದ: "ರಾತ್ರಿ ಯಾರ ಏಳ್ತೀರಿ?"

ಗದಗ ಕಡೆ ಒಂದ್ ಮನಿ. ರಿಟೈರ್ ಆದ ಮಾಸ್ತರು, ಡಿಮೆನ್ಷಿಯಾ ಆಗಿ ನಾಕು ವರ್ಷ. ದೊಡ್ಡ ಮಗ ಎದುರಿಗೆ ಕುಂತು ಎಲ್ಲಾದಕ್ಕೂ ಉತ್ತರ ಕೊಟ್ರು, ಊಟ ಚಲೋ ಮಾಡ್ತಾರ, ನಿದ್ದಿ ಚಲೋ ಬರ್ತೈತಿ, ತ್ರಾಸೇನಿಲ್ಲ. ಸೊಸಿ ಅಡಗಿಮನಿ ಬಾಗಲದಾಗ ನಿಂತಿದ್ರು, ಒಂದ್ ಮಾತಿಲ್ಲ. ಏಳೂ ಮುಂದ ಕೈ ತೊಳ್ಕೊತೀನಿ ಅಂತ ಹಿತ್ತಲಕ್ಕ ಹೋದೆ, ಅವರು ತಂಬಗಿ ಹಿಡಕೊಂಡು ಬಂದ್ರು. "ಅಕ್ಕಾರ, ರಾತ್ರಿ ಏಳಾಕಿ ನೀವs ಏನ್ರಿ" ಅಂದೆ. ತಂಬಗಿ ಕೆಳಗಿಟ್ಟು ಅತ್ತ ಬಿಟ್ರು. ಎಂಟು ತಿಂಗಳಾತು, ಒಮ್ಮಿಗೆ ಎರಡ್ ತಾಸು ನಿದ್ದಿ ಮಾಡಿಲ್ರಿ, ಒಂದಕ್ಕ ಹೋಗಾಕ ಎಬ್ಬಿಸಬೇಕು, ಇಲ್ಲಾಂದ್ರ ಬಾಗಲಾ ತಕ್ಕೊಂಡು ಸಾಲಿಗೆ ಹೊತ್ತಾತು ಅಂತ ಹೊಂಟ ಬಿಡ್ತಾರ ಅಂತ ಹೇಳಿದ್ರು. ಮಗ ಸುಳ್ಳು ಹೇಳಿದ್ದಲ್ರಿ, ಅವರಿಗೆ ಖರೇನ ಗೊತ್ತಿದ್ದಿಲ್ಲ, ಅವರು ಮ್ಯಾಲಿನ ಖೋಲ್ಯಾಗ ಮಲಗ್ತಿದ್ರು. ಆ ದಿನದಿಂದ ನಾನು ಉತ್ತರ ಕೊಡೋರನ್ನ ಬಿಟ್ಟು ಎದ್ದೇಳೋರನ್ನ ಹುಡುಕ್ತೀನಿ.

ಜಡ್ಡಿಗೆ ಹೆಸರು ಬಿದ್ದೈತೋ ಇಲ್ಲೋ ನೋಡ್ರಿ

ಎಷ್ಟೋ ಮನ್ಯಾಗ ಯಾವ ಡಾಕ್ಟರೂ ತಪಾಸ ಮಾಡಿರೂದಿಲ್ಲ, "ವಯಸ್ಸಾತು" ಅಂತ ಬಿಟ್ಟಿರ್ತಾರ, ಇಲ್ಲಾ ಗಾಳಿ ಸೋಂಕು ಅಂತ ತಾಯತಾ ಕಟ್ಟಿಸಿರ್ತಾರ. ತಾಯತಾ ಬಿಚ್ಚಸ್ರಿ ಅಂತ ಜಗಳ ತಗೀಬ್ಯಾಡ್ರಿ, ಇರಲಿ, ಅದರ ಜೋಡಿ ಒಮ್ಮೆ ಡಾಕ್ಟರಿಗೂ ತೋರಸೂಣು ಅನ್ರಿ. ಯಾಕಂದ್ರ ಮರವು ಬಂದೋರೆಲ್ಲಾ ಆಲ್ಝೈಮರ್ ಅಲ್ಲ. ಬಿ12 ಕಡಿಮಿ ಆದ್ರೂ ಮರವು ಬರ್ತೈತಿ, ಮಾಂಸ ಮೊಟ್ಟಿ ತಿನ್ನಲಾರದ ಮನಿಗೋಳಾಗ ಇದು ಜಾಸ್ತಿ. ಥೈರಾಯಿಡ್, ಖಿನ್ನತೆ, ಬಿದ್ದು ತಲಿಗೆ ಪೆಟ್ಟಾಗಿ ಒಳಗ ನಿಧಾನಕ್ಕ ರಕ್ತ ಕೂಡೂದು, ಮಿದುಳಿನ್ಯಾಗ ನೀರು ಜಾಸ್ತಿ ಆಗೂದು, ಇವೆಲ್ಲಾ ಬ್ಯಾಗ ಹಿಡದ್ರ ಸುಧಾರಸ್ತಾವ.

ನಡುಗೂದರದ್ದೂ ಹಂಗ. ತಲಿ ಸುತ್ತು ಬರ್ತೈತಿ ಅಂತ ವರ್ಷಗಟ್ಲೆ ಪ್ರೊಕ್ಲೋರ್‌ಪೆರಾಝಿನ್, ಸಿನ್ನರಿಝಿನ್, ಫ್ಲುನರಿಝಿನ್ ನಮೂನಿ ಗುಳಗಿ ಮೆಡಿಕಲ್‌ದಾಗ ಕೇಳಿ ತೊಗೊಂಡು ನುಂಗಿದ್ರ ಪಾರ್ಕಿನ್ಸನ್ ಇದ್ದಂಗ ಆಗಬಹುದು. ಅದಕ್ಕ ಆಸ್ಪತ್ರಿಗೆ ಹೋಗೂ ಮುಂದ ಮನ್ಯಾಗಿರೋ ಎಲ್ಲಾ ಗುಳಗಿ, ನಾಟಿ ಔಷಧ, ಚೂರ್ಣ ಒಂದ್ ಚೀಲಕ್ಕ ಹಾಕ್ಕೊಂಡ ಬರ್ರಿ ಅಂತ ಹೇಳ್ರಿ. ಇನ್ನ ಹದಿನೈದು, ಇಪ್ಪತ್ತು, ಇಪ್ಪತ್ತೈದರ ಹುಡುಗರಿಗೆ ಕೈ ನಡುಗಾಕತ್ತು, ಮಾತು ತೊದಲಿ, ಗುಣಾ ಬದಲಾತಂದ್ರ ವಿಲ್ಸನ್ ಅಲ್ಲೇನು ಅಂತ ಡಾಕ್ಟರಿಗೆ ಕೇಳಸ್ರಿ. ಮೈಯಾಗ ತಾಮ್ರ ಕೂಡೋ ಜಡ್ಡು ಅದು, ಸೋದರಮಾವಗ ಕೊಟ್ಟ ಸಂಬಂಧದಾಗ, ಅತ್ತಿ ಮಗಳನ್ನ ತಂದ್ಕೊಂಡ ಮನಿಗೋಳಾಗ ಹೆಚ್ಚು ಕಾಣಸ್ತೈತಿ, ಮತ್ತ ಅದಕ್ಕ ಔಷಧ ಐತಿ.

ಎಲ್ಲಿ ಕರ್ಕೊಂಡ ಹೋಗೂದು? ಧಾರವಾಡದ ಡಿಮ್ಹಾನ್ಸ್ (ಮನಸ್ಸು, ನರದ ಸರ್ಕಾರಿ ಆಸ್ಪತ್ರಿ), ಸರ್ಕಾರಿ ಮೆಡಿಕಲ್ ಕಾಲೇಜ್ ಆಸ್ಪತ್ರಿ ಅಂದ್ರ ಹುಬ್ಬಳ್ಳಿ ಕಿಮ್ಸ್ (ಈಗ ಕೆಎಂಸಿಆರ್‌ಐ), ಗದಗದಾಗ ಜಿಮ್ಸ್, ಮತ್ತ ಹಾವೇರಿ ಜಿಲ್ಲಾ ಆಸ್ಪತ್ರಿ. 2022ರಾಗ ನಿಮ್ಹಾನ್ಸ್ ಜೋಡಿ ಚಾಲೂ ಆದ ಕರ್ನಾಟಕ ಬ್ರೇನ್ ಹೆಲ್ತ್ ಇನಿಶಿಯೇಟಿವ್ ಅಡಿ ಜಿಲ್ಲಾ ಆಸ್ಪತ್ರಿಗೋಳಾಗ ಬ್ರೇನ್ ಹೆಲ್ತ್ ಕ್ಲಿನಿಕ್ ಅಂತ ಆಗ್ಯಾವ, ನಿಮ್ಮ ಜಿಲ್ಲಾದಾಗ ಯಾವ ವಾರ ಅಂತ ಮೊದಲ ಫೋನ್ ಹಚ್ಚಿ ಕೇಳ್ಕೊಂಡ ಹೋಗ್ರಿ, ಮುಂಡರಗಿಯಿಂದ ಹಾಸಿಗಿ ಹಿಡದವರನ್ನ ಕರ್ಕೊಂಡ ಬಂದು "ಇವತ್ತ ಡಾಕ್ಟರಿಲ್ಲ" ಅನಸ್ಕೊಳ್ಳೂದು ಆ ಮನಿಗೆ ಎಷ್ಟ್ ಖರ್ಚು ಅನ್ನೂದು ನಿಮಗ ಗೊತ್ತಿರಬೇಕು.

ಡಿಮ್ಹಾನ್ಸ್ ಅಂದ ಕೂಡ್ಲೆ ಮನಿಯವರ ಮಾರಿ ಸಣ್ಣಾಗ್ತೈತಿ. ನಮ್ಮ ಕಡೆ "ಧಾರವಾಡಕ್ಕ ಒಯ್ಯಬೇಕು ಇಂವನ್ನ" ಅನ್ನೋ ಮಾತಿಗೆ ಏನ್ ಅರ್ಥ ಅಂತ ಎಲ್ಲರಿಗೂ ಗೊತ್ತು. ನಾನು ಆ ಮಾತು ಬಗಲಿಗೆ ಸರಸೂದಿಲ್ಲ, ನೆಟ್ಟಗ ಹೇಳ್ತೀನಿ: ಹೌದ್ರಿ, ಅದು ಮೊದಲ ಮೆಂಟಲ್ ಆಸ್ಪತ್ರಿ ಇತ್ತು, ಈಗ ಅಲ್ಲಿ ನರದ್ದೂ ನೋಡ್ತಾರ, ಅಪ್ಪಾಜಿಗೆ ಹುಚ್ಚಲ್ಲ, ಮಿದುಳಿನ ಜಡ್ಡು, ಶುಗರ್‌ಗೆ ಹೆಂಗ ಡಾಕ್ಟರ್ ಬೇಕೋ ಇದಕ್ಕೂ ಹಂಗ ಬೇಕು. ಬಹಳಷ್ಟು ಮಂದಿ ಒಪ್ಪತಾರ. ಒಪ್ಪಲಿಲ್ಲಂದ್ರ ಇನ್ನೊಂದ್ ವಾರ ಬಿಟ್ಟು ಹೊಳ್ಳಿ ಹೋಗ್ರಿ.

ಡಾಕ್ಟರ್ ಮುಂದ ಹತ್ತ ನಿಮಿಷ ಸಿಗ್ತೈತಿ, ಅದಕ್ಕ ಒಂದ್ ಹಾಳಿ ಮ್ಯಾಲೆ ಬರಕೊಡ್ರಿ: ಯಾವಾಗ ಚಾಲೂ ಆತು, ಮೊದಲ ಏನ್ ಬದಲಾತು, ಬಿದ್ದಾರೇನು, ರಾತ್ರಿ ಹೆಂಗ, ಊಟ ಹೆಂಗ, ಮನ್ಯಾಗ ಮತ್ತ ಯಾರಿಗರ ಇತ್ತೇನು. ನಡಗಿ, ನಡುಗೂದು, ನಿದ್ದಿಯೊಳಗ ಒದರೂದು ಮೊಬೈಲ್‌ದಾಗ ಒಂದ್ ನಿಮಿಷ ವಿಡಿಯೋ ಮಾಡ್ಕೊರಿ, ಅದು ನೂರು ಮಾತಿನಕಿಂತ ಚಲೋ ಕೆಲಸಾ ಮಾಡ್ತೈತಿ. ನೆನಪಿನ ಟೆಸ್ಟ್ ಮಾಡೂ ಮುಂದ ಅಜ್ಜಿ ಸಾಲಿ ಕಲತಿಲ್ಲ ಅಂತ ನೀವs ಹೇಳ್ರಿ. 30 ಮಾರ್ಕಿನ ಟೆಸ್ಟಿನ್ಯಾಗ ಬರೆಯೂದು, ಚಿತ್ರಾ ತಗಿಯೂದು ಇರ್ತೈತಿ, ಸಾಲಿ ಮೆಟ್ಟಲಾ ಹತ್ತಲಾರದವರಿಗೆ ಜಡ್ಡಿಲ್ಲದಿದ್ರೂ ಮಾರ್ಕ್ ಕಡಿಮಿ ಬರ್ತಾವ. ಸಂತಿ ಲೆಕ್ಕಾ ಮಾಡತಿದ್ರೇನು, ರೊಟ್ಟಿ ಬಡಿಯೂದು ಮರತಾರೇನು, ಇದನ್ನ ಕೇಳಿದ್ರ ಖರೇ ತಿಳೀತೈತಿ.

ಮನಿಯೊಳಗಿಂದು

ಇದು ಉದ್ದ ಆಗ್ತೈತಿ, ಯಾಕಂದ್ರ ಕೆಲಸದ ಮುಕ್ಕಾಲು ಪಾಲು ಇಲ್ಲೇ ಐತಿ.

ಗುಳಗಿ ಹೊತ್ತು. ಪಾರ್ಕಿನ್ಸನ್‌ಗೆ ಕೊಡೋ ಲಿವೊಡೋಪಾ ಗುಳಗಿ ಗಡಿಯಾರದಂಗ ನಡಿಯೂದು, ಎಂಟಕ್ಕಂದ್ರ ಎಂಟಕ್ಕ. ಊಟಕ್ಕ ಅರ್ಧ ತಾಸು ಮೊದಲ ಅಥವಾ ಊಟ ಆಗಿ ಒಂದ್ ತಾಸಿಗೆ, ಯಾಕಂದ್ರ ಬ್ಯಾಳಿ, ಹಾಲು, ಮೊಸರು, ಕಾಳಿನ ಪಲ್ಯಾದೊಳಗಿನ ಪ್ರೋಟೀನ್ ಆ ಗುಳಗಿನ್ನ ಹತ್ತಗೊಡೂದಿಲ್ಲ. ಹಾಲಿನ ಜೋಡಿ ನುಂಗಿಸಿ "ಗುಳಗಿ ಕೆಲಸಾ ಮಾಡವಲ್ದು" ಅನ್ನೋ ಮನಿ ಎಷ್ಟೋ ನೋಡೀನಿ, ನೀರಿನ ಜೋಡಿ ಕೊಟ್ಟು ಹೊತ್ತು ಸರಿ ಮಾಡಿದ ಮ್ಯಾಲೆ ಅಜ್ಜ ತಾನs ಎದ್ದು ಬಚ್ಚಲಕ್ಕ ಹೋದದ್ದೂ ನೋಡೀನಿ. ಉಪವಾಸ ಅಂತ, ಗುಣಾ ಆತಂತ ಆ ಗುಳಗಿ ಒಮ್ಮಿಗೆ ಬಿಡಸಬ್ಯಾಡ್ರಿ, ಅಪಾಯ ಐತಿ.

ಇನ್ನೊಂದ್. ನಾನು ಹೋಗ್ತಿದ್ದ ಮನಿಯ ಪಾರ್ಕಿನ್ಸನ್ ಇರೋ ಅಮ್ಮಾರೊಬ್ಬರನ್ನ ವಾಂತಿ ಅಂತ ಒಂದ್ ಆಸ್ಪತ್ರಿಯೊಳಗ ಅಡ್ಮಿಟ್ ಮಾಡಿದ್ರು, ಅಲ್ಲೆ ವಾಂತಿಗೆ ಮೆಟೊಕ್ಲೋಪ್ರಮೈಡ್ ಇಂಜೆಕ್ಷನ್ ಕೊಟ್ರು, ಎರಡು ದಿನದಾಗ ಕಟಿಗಿ ಆದಂಗ ಬಿಗದ ಬಿಟ್ರು. ಅವತ್ತಿಂದ ನಾನು ಪ್ರತಿ ಪಾರ್ಕಿನ್ಸನ್ ಮನಿಗೂ ಒಂದ್ ಕಾರ್ಡ್ ಬರದು ಕೊಡ್ತೀನಿ: "ಪಾರ್ಕಿನ್ಸನ್ ಐತಿ. ಮೆಟೊಕ್ಲೋಪ್ರಮೈಡ್, ಪ್ರೊಕ್ಲೋರ್‌ಪೆರಾಝಿನ್, ಹ್ಯಾಲೋಪೆರಿಡಾಲ್ ಕೊಡೂಕಿಂತ ಮೊದಲ ನ್ಯೂರಾಲಜಿ ಡಾಕ್ಟರನ್ನ ಕೇಳ್ರಿ." ಅದನ್ನ ಆಧಾರ್ ಕಾರ್ಡಿನ ಜೋಡಿ ಇಡಸ್ರಿ.

ನುಂಗೂದು. ನಮ್ಮ ಖಡಕ್ ರೊಟ್ಟಿ ಈ ಜಡ್ಡಿಗೆ ವೈರಿ, ಒಣಾ ತುಣುಕು ಗಂಟಲದಾಗ ಸಿಗ್ತೈತಿ. ಬಿಸಿ ರೊಟ್ಟಿ ಸಾರಿನ್ಯಾಗ ಮೆತ್ತಗ ನೆನಸ್ರಿ, ನುಚ್ಚು, ಗಟ್ಟಿ ಗಂಜಿ, ಮೆತ್ತಗ ಕುದಿಸಿದ ಅನ್ನ ಬ್ಯಾಳಿ ನಡೀತೈತಿ. ತೆಳ್ಳಾನ ನೀರು, ಮಜ್ಜಿಗಿನ ಹೆಚ್ಚು ಕೆಮ್ಮು ಬರಸ್ತಾವ, ಮಂದಿಗೆ ಇದು ನಂಬಾಕ ಆಗೂದಿಲ್ಲ, ಆದ್ರ ತೆಳ್ಳಾಂದು ಲಗೂನ ಶ್ವಾಸನಾಳಕ್ಕ ಇಳೀತೈತಿ. ನೆಟ್ಟಗ ಕುಂಡ್ರಿಸಿ, ಗದ್ದ ಜರಾ ಕೆಳಗ ಮಾಡಿಸಿ, ಸಣ್ಣ ಚಮಚಾದಾಗ, ಒಂದ್ ತುತ್ತು ನುಂಗಿದ ಮ್ಯಾಲೆ ಇನ್ನೊಂದ್. ಟಿವಿ ಬಂದ್. ಉಂಡ ಮ್ಯಾಲೆ ಅರ್ಧ ತಾಸು ಮಲಗಸಬ್ಯಾಡ್ರಿ. ಉಣ್ಣೂ ಮುಂದ ಕೆಮ್ಮೂದು, ದನಿ ಗೊರಗೊರ ಅನ್ನೂದು, ಘಡಿ ಘಡಿ ಜ್ವರ ಬರೂದು ಚಾಲೂ ಆತಂದ್ರ ಡಾಕ್ಟರಿಗೆ ತಿಳಸ್ರಿ, ನ್ಯುಮೋನಿಯಾ ಹಿಂಗ ಬರೂದು.

ಮನಿ ಬಿಟ್ಟು ಹೋಗೂದು. ಸಂಜಿಮುಂದ ತಮ್ಮ ಮನ್ಯಾಗ ಕುಂತು "ನಾ ಮನಿಗೆ ಹೊಕ್ಕೀನಿ" ಅಂತಾರ. "ಇದs ನಿನ್ನ ಮನಿ" ಅಂತ ವಾದ ಮಾಡಿದ್ರ ಸಿಟ್ಟಿಗೇಳ್ತಾರ. ಚಪ್ಪಲಿ ಹಾಕಸ್ರಿ, ಓಣ್ಯಾಗ ಒಂದ್ ಸುತ್ತು ಹಾಕಿ, ದಾರಿಯೊಳಗ ತವರಮನಿ ಸುದ್ದಿ ಕೇಳಿ, "ಬಂತ್ ನೋಡ್ರಿ ಮನಿ" ಅಂತ ಹೊಳ್ಳಿ ಕರ್ಕೊಂಡ ಬರ್ರಿ. ಅಂಗಿ ಕಾಲರ್ ಒಳಗ, ಕುಪ್ಪಸದ ಒಳಗ ಫೋನ್ ನಂಬರ್ ಹೊಲದ ಬಿಡ್ರಿ. ಓಣಿ ಕಿರಾಣಿ ಅಂಗಡಿ, ಆಟೋ ಸ್ಟ್ಯಾಂಡ್, ಬಸ್ ಸ್ಟ್ಯಾಂಡಿನ್ಯಾಗ ಕಂಟ್ರೋಲರ್‌ಗೆ ಹೇಳಿಡ್ರಿ, ಈ ತಿಂಗಳ ಫೋಟೋ ಒಂದ್ ಮೊಬೈಲ್‌ದಾಗ ಇರಲಿ. ಕಾಣಲಿಲ್ಲಂದ್ರ ಮಧ್ಯರಾತ್ರಿ ತನಕ ನೆಂಟರ ಮನಿ ಹುಡುಕೋಂತ ಕುಂಡ್ರಬ್ಯಾಡ್ರಿ, ಕೂಡ್ಲೆ 112ಕ್ಕ ಹಚ್ಚರಿ.

ಸುಳ್ಳು ಹೇಳಬೇಕೇನು ಅಂತ ಹೊಸಬರು ಕೇಳ್ತಾರ. ನನ್ನ ಎರಡನೇ ವರ್ಷದ ಮಾತು. ಒಬ್ಬ ಅಮ್ಮ ದಿನಾ "ನಮ್ಮವರು ಹೊಲದಿಂದ ಬಂದ್ರೇನು" ಅಂತಿದ್ರು, ಅವರು ತೀರ್ಕೊಂಡು ಹದಿನಾರು ವರ್ಷ ಆಗಿತ್ತು. ಖರೇ ಹೇಳೂದು ಧರ್ಮ ಅಂತ ನಾನು ಹೇಳಿದೆ. ಅವತ್ತ ಮೊದಲನೇ ಸಲ ಕೇಳಿದಂಗ ಎದಿ ಬಡ್ಕೊಂಡು ಅತ್ರು. ಮರುದಿನ ಮರತು ಮತ್ತ ಕೇಳಿದ್ರು, ಸೊಸಿ ನನ್ನ ಮಾತು ಕೇಳಿ ಮತ್ತ ಹೇಳಿದ್ರು, ಮತ್ತ ಅತ್ರು. ಆ ಅಮ್ಮಗ ನಾನು ಗಂಡನ್ನ ಎಷ್ಟ್ ಸಲ ಕಳಕೊಳ್ಳೂ ಹಂಗ ಮಾಡಿದೆ ಅನ್ನೂದು ಇವತ್ತಿಗೂ ಚುಚ್ಚತೈತಿ. ಈಗ "ಅವರ ನೆನಪಾತೇನ್ರಿ ಅಮ್ಮಾರ, ಏನ್ ಬೆಳೀತಿದ್ರು ಹೊಲದಾಗ" ಅಂತ ಕೇಳ್ತೀನಿ. ಹತ್ತಿ ಅಂತಾರ, ಕಡ್ಲಿ ಅಂತಾರ, ಮಾರಿ ಅರಳ್ತೈತಿ.

ಕೈಗೆ ಕೆಲಸ ಕೊಡ್ರಿ. ಬೆಟಗೇರಿಯಾಗ ನೇಕಾರ ಅಜ್ಜಾರೊಬ್ಬರು, ಮಗ್ಗ ತಗದ ಮ್ಯಾಲೆ ದಿನಾ ಚಡಪಡಿಸಿ ಬಾಗಲಾ ಬಡೀತಿದ್ರು. ಕಂಡಿಕಿಗೆ ನೂಲು ಸುತ್ತಾಕ ಕೊಟ್ವಿ, ಎರಡು ತಾಸು ಸುಮ್ಮನ ಸುತ್ತಿದ್ರು, ಸಂಜಿಕೆ ಬಿಚ್ಚಿಟ್ಟು ಮರುದಿನ ಅದನ್ನs ಕೊಟ್ವಿ. ಹೆಣ್ಣಮಕ್ಕಳಿಗೆ ಕಾಳು ಹಸನ ಮಾಡೂದು, ಹೂವಾ ಕಟ್ಟೂದು. ಬ್ಯಾಡಗಿ ಕಡೆ ಮೆಣಸಿನಕಾಯಿ ತುಂಬು ಮುರಿಯಾಕ ಕೊಡ್ತೀವಿ ಅಂದ್ರು, ಅದು ಬ್ಯಾಡ, ಆ ಕೈ ಕಣ್ಣಿಗೆ ಹೋಗ್ತೈತಿ.

ಎರಡು ದಿನದಾಗ ಒಮ್ಮಿಗೆ ಗೊಂದಲ ಜಾಸ್ತಿ ಆತು, ಬಡಬಡಸಾಕತ್ರು, ಇಲ್ಲಾ ಮಂಪರದಾಗ ಬಿದ್ರು ಅಂದ್ರ "ಜಡ್ಡು ಬೆಳೀತು" ಅಂತ ಬಿಡಬ್ಯಾಡ್ರಿ. ಮೂತ್ರದ ಸೋಂಕು, ನೀರು ಸಾಲದ್ದು, ನಾಕು ದಿನ ಹೊಟ್ಟಿ ಕಟ್ಟಿದ್ದು, ಹೊಸಾ ಗುಳಗಿ, ಇಂಥಾದ್ದೇನರ ಇರ್ತೈತಿ, ಅವತ್ತs ಡಾಕ್ಟರಿಗೆ ತೋರಸಬೇಕು. ಹಾಸಿಗಿ ಹಿಡದವರನ್ನ ಎರಡು ತಾಸಿಗೊಮ್ಮೆ ಮಗ್ಗಲ ಬದಲಸೂದು, ಸೊಂಟ ಹಿಮ್ಮಡಿ ದಿನಾ ನೋಡೂದು, ಕೆಂಪಾದ್ರ ಅಲ್ಲೆ ಒತ್ತು ಬೀಳಲಾರದಂಗ ಮಾಡೂದು.

ಕಾಗದ ಪತ್ರ, ಲಗೂನ ಮಾಡ್ಸೂದು

ಇದನ್ನ ಮುಂದಕ್ಕ ಹಾಕಬ್ಯಾಡ್ರಿ, ಸಹಿ ಮಾಡೋ ಬುದ್ಧಿ ಇದ್ದಾಗನ ಮುಗಸ್ರಿ. ಬ್ಯಾಂಕ್ ಖಾತೆ ಜಂಟಿ ಮಾಡಿ ಇಬ್ಬರೊಳಗ ಯಾರರ ತಗಿಯೂ ಹಂಗ, ನಾಮಿನಿ, ಬೇಕಂದ್ರ ಉಯಿಲು ರಿಜಿಸ್ಟರ್. ವಟಮುಖತ್ಯಾರ (ಪವರ್ ಆಫ್ ಅಟಾರ್ನಿ) ಬರಸೀವಿ ಸಾಕು ಅಂತಾರ ಮಂದಿ, ಆದ್ರ ನಮ್ಮ ಕಾಯ್ದೆ ಪ್ರಕಾರ ಬರದು ಕೊಟ್ಟವರ ಬುದ್ಧಿ ಸ್ಥಿಮಿತ ಹೋದ್ರ ಆ ಮುಖತ್ಯಾರಕ್ಕ ಬಲ ಉಳಿಯೂದಿಲ್ಲ, ಇದನ್ನ ವಕೀಲರ ಕಡೆ ಮೊದಲ ಕೇಳಸ್ರಿ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯೊಳಗ 21 ನಮೂನಿ ಅಂಗವೈಕಲ್ಯ ಅದಾವ, ಪಾರ್ಕಿನ್ಸನ್ ಹೆಸರು ಹಿಡದು ಐತಿ, ದೀರ್ಘಕಾಲದ ನರರೋಗ ಅಂತನೂ ಐತಿ. ಡಿಮೆನ್ಷಿಯಾ ಅಂತ ಹೆಸರು ಹಾಕಿಲ್ಲ, ಆದ್ರೂ ನರರೋಗ ಇಲ್ಲಾ ಮಾನಸಿಕ ಕಾಯಿಲೆ ತಲಿಬರಹದಾಗ ಬರ್ತೈತೇನು ಅಂತ ಡಾಕ್ಟರಿಗೆ ಕೇಳಿ ಅರ್ಜಿ ಹಾಕಸ್ರಿ. ಯುಡಿಐಡಿ ಅಂದ್ರ ಅಂಗವಿಕಲರ ಗುರುತಿನ ಕಾರ್ಡಿಗೆ ಅರ್ಜಿ ಆನ್‌ಲೈನ್, ತಪಾಸ ಸರ್ಕಾರಿ ಆಸ್ಪತ್ರಿಯಾಗ, ಅಂಗವೈಕಲ್ಯ 40 ಪರ್ಸೆಂಟ್ ಇಲ್ಲಾ ಅದಕಿಂತ ಹೆಚ್ಚಿದ್ರ ಬಹಳಷ್ಟು ಸೌಲಭ್ಯಕ್ಕ ಬಾಗಲಾ ತೆಗೀತೈತಿ. ನಿಮ್ಮ ಗ್ರಾಮ ಪಂಚಾಯಿತಿಗೆ ಒಬ್ಬರು ವಿಆರ್‌ಡಬ್ಲ್ಯೂ, ತಾಲೂಕಿಗೆ ಎಂಆರ್‌ಡಬ್ಲ್ಯೂ ಅಂತ ಅಂಗವಿಕಲರ ಪುನರ್ವಸತಿ ಕಾರ್ಯಕರ್ತರು ಇರ್ತಾರ, ಅವರನ್ನ ದೋಸ್ತ ಮಾಡ್ಕೊರಿ, ಈ ಕೆಲಸ ಅವರಷ್ಟು ಯಾರಿಗೂ ಗೊತ್ತಿಲ್ಲ. ಸಂಧ್ಯಾ ಸುರಕ್ಷಾ, ಅಂಗವಿಕಲರ ಪಿಂಚಣಿಗೆ ನಾಡಕಚೇರಿ. ರೈಲ್ವೆ ರಿಟೈರ್ ಆದವರು ಹುಬ್ಬಳ್ಳಿಯಾಗ ಭಾಳ ಅದಾರ, ಅವರದ ನವೆಂಬರ್ ತಿಂಗಳ ಜೀವನ ಪ್ರಮಾಣಪತ್ರ ಮೊಬೈಲ್‌ದಾಗ ಮಾರಿ ತೋರಿಸಿ ಮಾಡಾಕ ಬರ್ತೈತಿ, ಹೆಬ್ಬಟ್ಟು ಹತ್ತವಲ್ದು ಅಂತ ಹಾಸಿಗಿ ಸಮೇತ ಬ್ಯಾಂಕಿಗೆ ಹೊತ್ಕೊಂಡ ಹೋಗೂದು ಬ್ಯಾಡ. ಮಕ್ಕಳು ಆಸ್ತಿ ಬರಸ್ಕೊಂಡು ಹೊರಗ ಹಾಕಿದ್ರ 2007ರ ಹಿರಿಯ ನಾಗರಿಕರ ಕಾಯ್ದೆ ಅಡಿ ಉಪವಿಭಾಗಾಧಿಕಾರಿ ಮುಂದ ಅರ್ಜಿ. ಹಿರೇರ ಸಹಾಯವಾಣಿ 14567.

ಹಂಟಿಂಗ್ಟನ್ ಮನಿ ಬ್ಯಾರೇನ

ಇಂಥಾ ಮನಿ ಭಾಳ ಸಿಗೂದಿಲ್ಲ, ಸಿಕ್ರ ಅಲ್ಲೆ ನಿಮ್ಮ ಕೆಲಸ ಮೂರು ಪೀಳಗಿ ಜೋಡಿ. ತಂದಿ ತಾಯಿ ಯಾರರ ಒಬ್ಬರಿಗೆ ಇದ್ರ ಪ್ರತಿ ಮಗುವಿಗೂ ಐವತ್ತು ಪರ್ಸೆಂಟ್ ಸಾಧ್ಯತಾ, ಗಂಡಿರಲಿ ಹೆಣ್ಣಿರಲಿ. ಬಹುತೇಕ 30ರಿಂದ 50ರೊಳಗ ಚಾಲೂ ಆಗ್ತೈತಿ, ಅಂದ್ರ ಮದವಿ ಆಗಿ ಮಕ್ಕಳಾದ ಮ್ಯಾಲೆ. ಮೈ ತಂತಾನ ಕುಣಿದಂಗ ಆಗೂದು ನೋಡಿ ಊರ ಮಂದಿ ಕುಡದಾನ ಅಂತಾರ, ದೆವ್ವ ಅಂತಾರ. ಸಂಬಂಧದಾಗ ಮಾಡ್ಕೊಂಡಿದ್ದಕ್ಕ ಬಂತು ಅಂತ ಸೊಸಿ ತವರಮನಿಗೆ ಬೈತಾರ, ಅದೂ ತಪ್ಪು, ಇದು ಒಬ್ಬರ ಕಡಿಂದ ಬಂದ್ರ ಸಾಕು, ಸಂಬಂಧಕ್ಕೂ ಇದಕ್ಕೂ ಸಂಬಂಧಿಲ್ಲ.

ರಕ್ತದ ಟೆಸ್ಟ್ ಐತಿ. ಆದ್ರ ಚಲೋ ಇರೋ ಹುಡುಗಗ "ಮಾಡಿಸ್ಕೋ" ಅಂತ ನೀವು ಹೇಳಬ್ಯಾಡ್ರಿ, "ಬ್ಯಾಡ" ಅಂತನೂ ಹೇಳಬ್ಯಾಡ್ರಿ. ತಿಳ್ಕೊಳ್ಳೂದು, ತಿಳ್ಕೊಳ್ಳದs ಇರೂದು ಎರಡೂ ಅವನ ಹಕ್ಕು. ಮೊದಲ ಜೆನೆಟಿಕ್ ಕೌನ್ಸೆಲಿಂಗ್, ನಿಮ್ಹಾನ್ಸ್‌ನಂಥಾ ಕಡೆ, ಆಮ್ಯಾಲ ಟೆಸ್ಟ್. 18ರ ಒಳಗಿನ ಲಕ್ಷಣ ಇಲ್ಲದ ಮಕ್ಕಳಿಗೆ ಮಾಡೂದಿಲ್ಲ. ಹಾವೇರಿ ಜಿಲ್ಲಾದಾಗ ಒಂದ್ ಮನ್ಯಾಗ ಹುಡುಗಿ ನೋಡಾಕ ಬಂದ ಬೀಗರು ನನಗs ಫೋನ್ ಹಚ್ಚಿ "ಅವರಪ್ಪಗ ಏನಾಗೈತ್ರಿ" ಅಂತ ಕೇಳಿದ್ರು. ನಾನು ಯಾರಿಗೂ ಯಾರ ಮನಿ ಮಾತೂ ಹೇಳೂದಿಲ್ರಿ ಅಂದೆ. ಆಮ್ಯಾಲ ಆ ಹುಡುಗಿ ಜೋಡಿ ಕುಂತು, ಹೇಳೂದಾದ್ರ ಹೆಂಗ, ಯಾವಾಗ, ಯಾರ ಮುಂದ ಅಂತ ಮೂರು ಸಲ ಮಾತಾಡಿದ್ವಿ. ಹೇಳಿದಾಕಿ ಆಕಿನ. ಈ ಜಡ್ಡಿನ್ಯಾಗ ಜೀವಾ ಕಳಕೊಳ್ಳೋ ವಿಚಾರ ಹೆಚ್ಚು ಬರ್ತೈತಿ, ರೋಗಿಗೂ, ಬರಬಹುದು ಅಂತ ಅಂಜಿದ ಮಕ್ಕಳಿಗೂ. ಅಂಥಾ ಮಾತು ಕಿವಿಗೆ ಬಿದ್ರ ನೆಟ್ಟಗ ಕೇಳ್ರಿ, ಒಬ್ಬರನ್ನs ಬಿಡಬ್ಯಾಡ್ರಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416 ಹಗಲು ರಾತ್ರಿ ಇರ್ತೈತಿ, ಕನ್ನಡದಾಗ ಮಾತಾಡ್ತಾರ.

ಎದ್ದೇಳಾಕಿಗೆ ಏನ್ ಮಾಡೂದು

ಗದಗದ ಆ ಸೊಸಿ ಕಡೆ ಹೊಳ್ಳಿ ಬರ್ತೀನಿ. ನಾನು ಅಲ್ಲೆ ಮಾಡಿದ್ದು ದೊಡ್ಡದೇನಲ್ಲ. ಅಣ್ಣ ತಮ್ಮರು, ಹುಬ್ಬಳ್ಳಿಗೆ ಕೊಟ್ಟ ಮಗಳು, ಎಲ್ಲಾರನ್ನೂ ಒಂದ್ ರವಿವಾರ ಕೂಡಿಸಿದೆ. ಯಾರಿಗೂ ಬೈಲಿಲ್ಲ. ಒಂದ್ ದಿನದ 24 ತಾಸು ಹಾಳಿ ಮ್ಯಾಲೆ ಗೆರೆ ಹೊಡದು, ಯಾವ ತಾಸಿಗೆ ಯಾರ ಮಾಡ್ತೀರಿ ಅಂತ ಕೇಳ್ಕೊಂತ ಹೆಸರು ಬರದೆ. ಇಪ್ಪತ್ತೊಂದು ತಾಸಿನ ಮುಂದ ಒಂದs ಹೆಸರು. ದೊಡ್ಡ ಮಗ ಆ ಹಾಳಿ ಭಾಳೊತ್ತು ನೋಡಿದ್ರು. ಆಮ್ಯಾಲ ವಾರದಾಗ ಎರಡು ರಾತ್ರಿ ಅಪ್ಪನ ಬಾಜೂಕ ಅವರ ಮಲಗಾಕ ಚಾಲೂ ಮಾಡಿದ್ರು, ಮಗಳು ತಿಂಗಳಿಗೆ ನಾಕು ದಿನ ಬಂದು ಇರ್ತೀನಿ ಅಂದ್ರು, ಸಣ್ಣ ಮಗ ಬೆಂಗಳೂರಾಗ ಇರೋರು ಡೈಪರ್ ಖರ್ಚು ಹೊತ್ಕೊಂಡ್ರು. ಈ ಹಾಳಿ ನೀವೂ ಮಾಡ್ರಿ, ಉಪದೇಶಕಿಂತ ಅದು ಲಗೂ ತಿಳೀತೈತಿ. ಆಕಿ ಬಿಪಿ ಶುಗರ್ ತಪಾಸ ಮಾಡಸ್ರಿ, ಸೊಂಟ ನೋವಿಗೆ ಎಬ್ಬಿಸೋ ರೀತಿ ಕಲಸ್ರಿ: ಬಗ್ಗಿ ಎತ್ತೂದಲ್ಲ, ಮೊಣಕಾಲು ಮಡಚಿ, ಮೈಗೆ ಹತ್ತಿಸ್ಕೊಂಡು ಎತ್ತೂದು.

ಸಿಟ್ಟಿನ್ಯಾಗ ಒಂದ್ ಏಟು ಹಾಕಿದೆ ಅಂತ ಕೆಲವರು ಅತಗೋಂತ ಹೇಳ್ತಾರ. ಗಾಬರಿ ಆಗಿ ಮಾರಿ ತಿರುಗಿಸಬ್ಯಾಡ್ರಿ, ಅದು ಸಾಕಾತು ಅನ್ನೋ ಕೂಗು, ಅವತ್ತs ಬ್ಯಾರೆ ಯಾರರ ಎರಡು ದಿನ ನೋಡ್ಕೊಳ್ಳೂ ಹಂಗ ಮಾಡ್ರಿ. ಆದ್ರ ಬೇಕಂತ ಉಪವಾಸ ಹಾಕೂದು, ಕಟ್ಟಿ ಹಾಕೂದು, ಮೈ ಮ್ಯಾಲೆ ಬಾಸುಂಡಿ ಕಂಡ್ರ ಮನಿ ಮಾತು ಅಂತ ಮುಚ್ಚಾಕ ಬರೂದಿಲ್ಲ, ನಿಮ್ಮ ಮ್ಯಾಲಿನವರಿಗೆ, ಬೇಕಾದ್ರ 112ಕ್ಕ ತಿಳಸಬೇಕು.

ನಿಮ್ಮ ಬಗ್ಗೆ ಎರಡ ಮಾತು. ಒಮ್ಮಿಗೆ ಇಪ್ಪತ್ತೈದು ಮೂವತ್ತು ಮನಿಗಿಂತ ಹೆಚ್ಚು ಹಿಡೀಬ್ಯಾಡ್ರಿ, ನಾನು ಐವತ್ತು ಹಿಡದು ಹೆಸರs ಮರಿಯಾಕತ್ತಿದ್ದೆ. ಭೇಟಿ ಆದ ದಿನಾನ ನಾಕು ಸಾಲು ಬರದಿಡ್ರಿ. ಸಾಲಾ ಕೊಡಬ್ಯಾಡ್ರಿ, ತೊಗೊಬ್ಯಾಡ್ರಿ.

ಕಡೀ ದಿನ, ಆಮ್ಯಾಲ

ನಳಿಗಿ ಹಾಕಿ ಊಟ ಕೊಡೂದು ಬೇಕೇನು, ಐಸಿಯು ಬೇಕೇನು, ಇವನ್ನ ಜಡ್ಡಿನವರು ಮಾತಾಡೂ ಹಂಗ ಇದ್ದಾಗನ ಅವರನ್ನs ಕೇಳ್ರಿ. ಕಡೀ ಹೊತ್ತಿನ್ಯಾಗ ಯಾವ ಚಿಕಿತ್ಸಾ ಬೇಕು, ಯಾವುದು ಬ್ಯಾಡ ಅಂತ ಮೊದಲ ಬರದಿಡೋ ಮುಂಗಡ ಇಚ್ಛಾಪತ್ರಕ್ಕ 2018ರಾಗ ಸುಪ್ರೀಂ ಕೋರ್ಟ್ ಒಪ್ಪಿಗಿ ಕೊಟ್ಟೈತಿ, 2023ರಾಗ ಅದನ್ನ ಸರಳ ಮಾಡೈತಿ, ಇಬ್ಬರು ಸಾಕ್ಷಿ ಮತ್ತ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ ಮುಂದ ಮಾಡಾಕ ಬರ್ತೈತಿ. ಮಂದಿ "ಹಾಂಗೆಲ್ಲಾ ಬಿಡ್ತು ಅನ್ರಿ" ಅಂತಾರ. ಮೋಟರ್ ನ್ಯೂರಾನ್ ಇದ್ದ ಒಬ್ಬ ಕಾಕಾರು ಮಾತ್ರ ಬೆರಳಿನಿಂದ ಮೊಬೈಲ್ ಮ್ಯಾಲೆ ತಾವs ಬರದು ತೋರಿಸಿದ್ರು: ಮನ್ಯಾಗನ ಇರ್ತೀನಿ. ಮಗಗ ನಿರ್ಧಾರ ಮಾಡೋ ಭಾರ ಉಳೀಲಿಲ್ಲ.

ತೀರ್ಕೊಂಡ ದಿನ ಹೋಗಿ ಬರ್ರಿ, ಅವತ್ತ ಮಂದಿ ಇರ್ತಾರ, ನಿಮ್ಮ ಕೆಲಸ ಏನಿರೂದಿಲ್ಲ. ಹೋಗಬೇಕಾದ್ದು ದಿವಸ ಎಲ್ಲಾ ಮುಗದು, ಬೀಗರು ನೆಂಟರು ಊರಿಗೆ ಹೋಗಿ, ಒಂದ್ ತಿಂಗಳಾದ ಮ್ಯಾಲೆ, ಮಧ್ಯಾಹ್ನ ಮೂರಕ್ಕ. ರಾತ್ರಿ ಏಳೋ ರೂಢಿ ಆಕಿಗಿನ್ನೂ ಹೋಗಿರೂದಿಲ್ಲ, ಎರಡಕ್ಕ ಎಚ್ಚರಾಗಿ ಖಾಲಿ ಹಾಸಿಗಿ ನೋಡ್ಕೋಂತ ಕುಂಡ್ರತಾಳ, ಅದನ್ನ ಹೇಳ್ಕೊಳ್ಳಾಕ ಯಾರೂ ಇರೂದಿಲ್ಲ. ಕೇಳ್ರಿ. ಹೊಂಟಾಗ ಏರ್ ಬೆಡ್, ವಾಕರ್, ಕಮೋಡ್ ಕುರ್ಚಿ ಕೊಡ್ತೀರೇನು ಅಂತ ಅವರ ಇಷ್ಟಾ ಕೇಳಿ ತೊಗೊಂಡು ಬರ್ರಿ, ಸೋಪ್ ನೀರಿನ್ಯಾಗ ತೊಳದು ಎರಡು ದಿನ ಬಿಸಲಿಗೆ ಒಣಗಸ್ರಿ, ಏರ್ ಬೆಡ್ಡಿನ ಮೋಟರ್ ಚಾಲೂ ಐತೋ ಇಲ್ಲೋ ಹಚ್ಚಿ ನೋಡ್ರಿ. ಮುಂದಿನ ಮನಿಯವರು ಕಾಯಾಕತ್ತಿರ್ತಾರ.